ಕಷ್ಟಕ್ಕೆ ಶೇಕಡಾ ಇಪ್ಪತ್ತೈದು

ನಾನು ರೌಶಾನ್. ಅತಿರಾವ್ ಊರಿನ ತೈಲ ಕಂಪನಿಯಲ್ಲಿ
ಪರದೇಶದಿಂದ ಬಂದವರ ಸಂಬಳ ಕಟ್ಟುವವಳು.
ಕಟ್ಟುವುದೆಂದರೆ ಮನೆ ಕಟ್ಟಿದ ಹಾಗೇ.
ತಳಕ್ಕೆ ಮೂಲವೇತನ, ಅದರ ಮೇಲೆ ಬಾಡಿಗೆ,
ಮಕ್ಕಳ ಶಾಲೆ, ವರ್ಷಕ್ಕೆರಡು ಸಲ ಊರಿಗೆ ಹೋಗಿಬರುವ ವಿಮಾನ,
ಚೀಸ್ ಇಲ್ಲಿ ದುಬಾರಿಯೆಂದು ಒಂದಿಷ್ಟು,
ಎಲ್ಲದರ ಮೇಲೆ, ಸೂರಿನ ಹಾಗೆ, ಕಷ್ಟಭತ್ಯೆ.

ಎಟ್ಟೋರೆ ರವೆನ್ನಾದವನು. ಅವನ ಹಾಳೆಯಲ್ಲಿ
ಕಾಲ್ಪನಿಕ ತೆರಿಗೆ ಎಂಬ ಸಾಲೊಂದಿದೆ:
ಊರಲ್ಲೇ ಇದ್ದಿದ್ದರೆ ಎಷ್ಟು ಕಟ್ಟುತ್ತಿದ್ದನೋ ಅಷ್ಟನ್ನು
ತಿಂಗಳು ತಿಂಗಳೂ ಮುರಿದುಕೊಳ್ಳುತ್ತೇನೆ.
ಹೋದವನು ಹೋಗೇ ಇಲ್ಲವೆಂಬಂತಿರಬೇಕು, ಅದು ನಿಯಮ.
ರವೆನ್ನಾದಲ್ಲಿ ಅವನ ನೆರಳು ಇನ್ನೂ
ದಿನಾ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತದೆ, ತೆರಿಗೆ ಕಟ್ಟುತ್ತದೆ.
ಸಂಜೆ ಅವನ ಹೆಂಡತಿಯ ಪಕ್ಕ ಕೂರುತ್ತದೋ ಇಲ್ಲವೋ,
ಅದಕ್ಕೆ ನನ್ನಲ್ಲಿ ಕಾಲಂ ಇಲ್ಲ.

ರೊಡೆಲ್, ಇಲೋಯಿಲೋದ ವೆಲ್ಡರ್, ನಮ್ಮ ಕಡತದಲ್ಲಿ ಮೂರನೇ ದೇಶದವ.
ಯಾರ ಎಣಿಕೆಯಲ್ಲಿ ಮೂರನೆಯದು ಎಂದು ಒಮ್ಮೆ ಕೇಳಿದ.
ಮೊದಲನೆಯದು ಕಂಪನಿಯದು, ಎರಡನೆಯದು ನನ್ನದು ಅಂದೆ.
ನಕ್ಕ.
ಅವನಿಗೂ ಎಟ್ಟೋರೆಗೂ ಮೈನಸ್ ಇಪ್ಪತ್ತೆಂಟರ ಅದೇ ಚಳಿ,
ಅದೇ ಶೇಕಡಾ ಇಪ್ಪತ್ತೈದು.
ಯಾವುದರ ಇಪ್ಪತ್ತೈದು ಅನ್ನುವಲ್ಲಿ ಮಾತ್ರ
ಒಬ್ಬನ ಚಳಿ ಇನ್ನೊಬ್ಬನ ಚಳಿಗಿಂತ ಆರು ಪಟ್ಟು ತೂಗುತ್ತದೆ.

ನನ್ನದು ಸ್ಥಳೀಯ ದರ್ಜೆ. ನನಗೆ ಚಳಿ ಇಲ್ಲ.
ಮೇ ತಿಂಗಳ ನುಸಿ ನನ್ನ ಕಣ್ಣೊಳಗೆ ಹೊಗುವುದಿಲ್ಲ.
ಊರಾಚೆಯ ಕೊಳಚೆ ಬಯಲಿನಿಂದ ಗಾಳಿ ಬೀಸಿದ ರಾತ್ರಿ
ಕೊಳೆತ ಮೊಟ್ಟೆಯ ನಾತ ಎಟ್ಟೋರೆಯ ಕಿಟಕಿಗೆ ಬಂದರೆ ಭತ್ಯೆ,
ಮೂರು ಬೀದಿ ದಾಟಿ ನನ್ನ ಕಿಟಕಿಗೆ ಬಂದರೆ ಹವಾಮಾನ.

ಈ ವರ್ಷ ಜಿನೀವಾದ ಸಲಹೆಗಾರರು ಬರೆದರು:
ನಿಮ್ಮ ಊರು ಸುಧಾರಿಸಿದೆ.
ಹೊಸ ಮಾಲ್, ಹೊಸ ಆಸ್ಪತ್ರೆ, ನಲ್ಲಿಯಲ್ಲಿ ತಿಳಿಯಾದ ನೀರು.
ಇನ್ನು ಮೇಲೆ ಕಷ್ಟ ಶೇಕಡಾ ಹದಿನೈದು.
ಮುಚ್ಚುಮರೆ ಯಾಕೆ, ಓದಿ ಒಂದು ಗಳಿಗೆ ಎದೆಯುಬ್ಬಿತು,
ಮಗಳ ಅಂಕಪಟ್ಟಿ ಕಂಡ ಹಾಗೆ.
ಮಧ್ಯಾಹ್ನದೊಳಗೆ ನಲವತ್ತೊಂದು ತಕರಾರು.
ಮೇಲಿನವರು ನನ್ನನ್ನೇ ಕರೆದರು. ನೀನು ಇಲ್ಲಿಯವಳು,
ಎಲ್ಲೆಲ್ಲಿ ಕೆಟ್ಟಿದೆ ನಿನಗೇ ಗೊತ್ತು,
ಮೇಲ್ಮನವಿಗೆ ಹನ್ನೆರಡು ಫೋಟೋ ಬೇಕು.

ಶನಿವಾರ ಹೊರಟೆ. ಹಿಮ ಕರಗಿ ಕೆಸರಾದ ಬೀದಿ.
ತುಕ್ಕು ಹಿಡಿದ ಕೊಳವೆ.
ಜಾಯಿಕ್ ಹೊಳೆಯ ದಂಡೆಗೆ ಹೊಟ್ಟೆ ಮೇಲಾಗಿ ಬಿದ್ದ ಮೀನು.
ಅಪ್ಪ ಇದ್ದಾಗ ಇದೇ ಹೊಳೆಯ ಮೀನಿನ ತತ್ತಿಯನ್ನು
ಬ್ರೆಡ್ಡಿಲ್ಲದ ದಿನ ಬರೀ ಚಮಚದಲ್ಲಿ ತಿಂದದ್ದುಂಟು,
ಅದು ಕಷ್ಟವೋ ಅಲ್ಲವೋ ಈಗಲೂ ತಿಳಿಯದು.
ಆಮೇಲೆ ಹಳೇ ಬಡಾವಣೆ, ಐದಂತಸ್ತಿನ ಕಟ್ಟಡ, ಗಾರೆ ಉದುರಿದ ಗೋಡೆ.
ಒಳ್ಳೆಯ ಸಾಕ್ಷಿ. ಫೋನೆತ್ತಿ ಹಿಡಿದೆ.
ಎರಡನೇ ಮಹಡಿಯ ಕಿಟಕಿಯಲ್ಲಿ ಅಮ್ಮ.
ಏನೇ ತೆಗೀತಿದ್ದೀಯಾ?
ಕಷ್ಟ, ಅಂದೆ.
ಅವಳಿಗೆ ಕೇಳಿಸಲಿಲ್ಲ. ಕೇಳಿಸಿತೋ ಏನೋ.
ತಡಿ, ಅಂದವಳು ಒಳಗೆ ಹೋಗಿ
ಹಬ್ಬದ ಬಿಳಿ ತಲೆವಸ್ತ್ರ ಕಟ್ಟಿಕೊಂಡು ಬಂದು,
ಜೆರೇನಿಯಂ ಕುಂಡವನ್ನು ಒಂದು ಗೇಣು ಎಡಕ್ಕೆ ಸರಿಸಿ,
ಗದ್ದ ಎತ್ತಿ ನಿಂತಳು.
ಈಗ ತೆಗಿ.

ಹನ್ನೊಂದು ಕಳಿಸಿದೆ. ಚೌಕಾಸಿ ನಡೆದು ಕಷ್ಟ ಇಪ್ಪತ್ತಕ್ಕೆ ನಿಂತಿತು.
ರಜೆ ಮುಗಿಸಿ ಬಂದ ಎಟ್ಟೋರೆ
ಬಾಗಿಲಲ್ಲೇ ನಿಂತು ಕಷ್ಟಸುಖ ವಿಚಾರಿಸಿದ.
ಅರ್ಧ ಲೆಕ್ಕ ನಿನಗೇ ಗೊತ್ತಲ್ಲ, ಅಂದೆ.
ಕಾಗದದಲ್ಲಿ ಸುತ್ತಿದ ಚೀಸಿನ ತುಂಡೊಂದನ್ನು ಮೇಜಿನ ಮೇಲಿಟ್ಟ,
ಅವನ ಊರಿನದು, ನೀಲಿ ಗೆರೆಯದು.
ಮನೆಗೊಯ್ದೆ. ಅಮ್ಮ ಮೂಸಿದಳು,
ಮುಖ ತಿರುಗಿಸಿ ಇನ್ನೊಮ್ಮೆ ಮೂಸಿದಳು.
ಪಾಪ, ಇದನ್ನು ತಿಂದು ಬೆಳೆದವರಾ,
ಅವರಿಗೆ ಏನಾದರೂ ಹೆಚ್ಚಿಗೆ ಕೊಡ್ರೇ, ಅಂದಳು.